ಕಟ್ಟಿಹಾಕದ ಕುದುರೆ

ಕಮಲಾಪುರದಿಂದ ಕಲಬುರಗಿಗೆ ದಿನವೂ ಬಸ್ಸಿನಲ್ಲಿ ಬಂದು ಪದವಿ ಓದುವ ತರುಣನೊಬ್ಬನ ತಕರಾರು ಈ ವಾರದ ವಿಷಯ. ಯಾರೋ ಬಳಸಿ ಕೊಟ್ಟ ಎಲೆಕ್ಟ್ರಿಕ್ ಗಿಟಾರ್ ಆತನ ಬಳಿ ಇದೆ. ತಂತಿಗೆ ತುಕ್ಕು ಹಿಡಿಯಿತೆಂದು ಹೊಸ ಸೆಟ್ ತಂದು ಹಾಕಿದ. ಅಂದಿನಿಂದ ಶ್ರುತಿ ನಿಲ್ಲುತ್ತಿಲ್ಲ. ದಪ್ಪ ತಂತಿಯಿಂದ ಶುರುಮಾಡಿ ಕಡೆಯ ಸಣ್ಣ ತಂತಿಯನ್ನು ಕೂಡಿಸುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ. ಅದನ್ನು ಏರಿಸಿದರೆ ಉಳಿದವು ಇಳಿಯುತ್ತವೆ. ‘ನಿನಗೆ ಕಿವಿಯೇ ಇಲ್ಲ, ಅದನ್ನ ಮಾರಿ ಪುಸ್ತಕ ತಗೋ’ ಎಂದು ಮನೆಯಲ್ಲಿ ತೀರ್ಪಾಗಿದೆಯಂತೆ.

ಪಾಲಕರು ಸ್ವಲ್ಪ ತಡೆಯಬೇಕು. ಕಿವಿ ಇದ್ದುದರಿಂದಲೇ ಅಲ್ಲವೇ ಹುಡುಗನಿಗೆ ಶ್ರುತಿ ಇಳಿದದ್ದು ಗೊತ್ತಾದದ್ದು? ತೊಂದರೆ ಇರುವುದು ವಾದ್ಯದ ತೂಕದಲ್ಲಿ.

ವೀಣೆಯ ತಂತಿಗಳನ್ನು ಹೊರುವ ಭಾಗಕ್ಕೆ ನಾವು ಕುದುರೆ ಎನ್ನುತ್ತೇವೆ. ಗಿಟಾರಿನವರು ಅದನ್ನೇ ಬ್ರಿಜ್ ಎನ್ನುತ್ತಾರೆ. ಸಾಮಾನ್ಯ ಗಿಟಾರಿನಲ್ಲಿ ಅದು ಅಲುಗುವುದಿಲ್ಲ. ಈ ತರುಣನ ಗಿಟಾರಿನಲ್ಲಿ ಮಾತ್ರ ಕುದುರೆಯನ್ನು ಕಟ್ಟಿಹಾಕಿಲ್ಲ. ಎರಡು ಗೂಟಗಳಿಗೆ ಚಾಕುವಿನ ಅಲಗಿನಂಥ ಅಂಚು ಕೊಟ್ಟು ಅದು ತೇಲುತ್ತಾ ನಿಂತಿದೆ. ಮೇಲುಗಡೆ ಆರು ತಂತಿಗಳು ಅದನ್ನು ಮುಂದಕ್ಕೆ ಬಾಗಿಸಲು ನೋಡುತ್ತವೆ. ಗಿಟಾರಿನ ಬೆನ್ನಿನ ಗೂಡಿನಲ್ಲಿರುವ ಮೂರೋ ನಾಲ್ಕೋ ಸ್ಪ್ರಿಂಗ್‌ಗಳು ಹಿಂದಕ್ಕೆ ಜಗ್ಗುತ್ತವೆ. ಎರಡೂ ಸಮವಾದಾಗ ತಕ್ಕಡಿಯ ಮುಳ್ಳಿನಂತೆ ಅದು ನಡುವೆ ನಿಲ್ಲುತ್ತದೆ. ಪಕ್ಕದ ಕಡ್ಡಿಯನ್ನು ಒತ್ತಿದರೆ ಆರೂ ತಂತಿಗಳ ಸ್ವರ ಜಾರಿ, ಬಿಟ್ಟಾಗ ಮರಳಿ ಬರುತ್ತದೆ.

ಈ ಕಡ್ಡಿಯನ್ನು ಲೋಕಪ್ರಿಯ ಮಾಡಿದವನು ಅಮೆರಿಕದ ಲಿಯೋ ಫೆಂಡರ್. 1954ರಲ್ಲಿ ಬಂದ ಆತನ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನಲ್ಲಿ ಅದು ಇತ್ತು. ಅದಕ್ಕೆ ಆತ ಇಟ್ಟ ಹೆಸರು ಟ್ರೆಮೊಲೊ. ಹೆಸರು ತಪ್ಪು, ಟ್ರೆಮೊಲೊ ಎಂದರೆ ಧ್ವನಿಯ ಜೋರು ಏರಿಳಿಯುವುದು. ಇಲ್ಲಿ ಏರಿಳಿಯುವುದು ಸ್ವರ, ನಮ್ಮ ಕಡೆಯ ಹಿಂದೂಸ್ತಾನಿ ಕೇಳುಗರಿಗೆ ಪರಿಚಯವಿರುವ ಮೀಂಡ್, ಆಂದೋಲನಗಳ ದೂರದ ನೆಂಟ. ಆದರೂ ತಪ್ಪು ಹೆಸರೇ ನಿಂತಿತು. ಕಡ್ಡಿ ಜೋರಾಗಿ ಒತ್ತಿದರೆ ಶ್ರುತಿ ಕೆಡುವ ಕಾಟಕ್ಕೆ ಫ್ಲಾಯ್ಡ್ ರೋಸ್ ಎಂಬಾತ ಪರಿಹಾರ ಹುಡುಕಿದ. ತಂತಿಯನ್ನು ಎರಡೂ ತುದಿಯಲ್ಲಿ ಬಿಗಿದು ಬೀಗ ಹಾಕುವ ಏರ್ಪಾಡು ಅದು. 1979ರಲ್ಲಿ ಪೇಟೆಂಟ್ ಸಿಕ್ಕಿತು. ಬೀಗ ಹಾಕಿದ ಮೇಲೆ ಬಿರಡೆ ತಿರುಗಿಸಿ ಪ್ರಯೋಜನವಿಲ್ಲ. ಹಾಗಾಗಿ ಬ್ರಿಜ್ ಮೇಲೆ ಸಣ್ಣ ತಿರುಪುಗಳು ಬಂದವು. ತಂಬೂರಿಯಲ್ಲಿ ಮಣಿ ಸರಿಸಿ ಶ್ರುತಿ ನಯಮಾಡುವ ಕೆಲಸವನ್ನೇ ಇವೂ ಮಾಡುತ್ತವೆ.

ಈಗ ತಕರಾರಿನ ಮೂಲಕ್ಕೆ ಬರೋಣ. ತಂತಿ ಪೊಟ್ಟಣದ ಮೇಲೆ 9 ಅಥವಾ 10 ಎಂಬ ಅಂಕಿ ಇರುತ್ತದೆ. ಅದು ಅತಿ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. ಸಾಮಾನ್ಯ ಶ್ರುತಿಯಲ್ಲಿ 9ರ ಸೆಟ್ಟಿನ ಆರು ತಂತಿಗಳು ಒಟ್ಟು ಸುಮಾರು 38 ಕಿಲೋ ಭಾರದಷ್ಟು ಜಗ್ಗುತ್ತವೆ. 10ರ ಸೆಟ್ಟಾದರೆ ಸುಮಾರು 46 ಕಿಲೋ. ಒಂದೇ ಅಂಕಿಯ ವ್ಯತ್ಯಾಸಕ್ಕೆ ತಕ್ಕಡಿಯ ಒಂದು ತಟ್ಟೆಗೆ ಎಂಟು ಕಿಲೋ ಹೆಚ್ಚು ಬಿತ್ತು! ಸ್ಪ್ರಿಂಗ್‌ಗಳು ಹಳೆಯ ತೂಕಕ್ಕೇ ಹೊಂದಿಸಿದವು. ಹೊಸ ತಂತಿಯನ್ನು ಬಿಗಿದಷ್ಟೂ ಬ್ರಿಜ್ ಮುಂದಕ್ಕೆ ಬಾಗುತ್ತದೆ, ಮೊದಲು ಕೂಡಿಸಿದ ತಂತಿಗಳು ಸಡಿಲಾಗುತ್ತವೆ. ಬಿರಡೆ ತಿರುಗಿಸುತ್ತಾ ಇದನ್ನು ಬೆನ್ನಟ್ಟಿದರೆ ಸಂಜೆಯಾದೀತು.

ಮದ್ದು ಗಿಟಾರಿನ ಬೆನ್ನಿನಲ್ಲಿದೆ. ಮುಚ್ಚಳ ಬಿಚ್ಚಿದರೆ ಸ್ಪ್ರಿಂಗ್‌ಗಳು ಕಾಣುತ್ತವೆ. ಅವುಗಳ ಒಂದು ತುದಿ ಬ್ರಿಜ್‌ಗೆ ಅಂಟಿಕೊಂಡ ಲೋಹದ ದಿಮ್ಮಿಗೆ, ಇನ್ನೊಂದು ತುದಿ ಉಗುರಿನಂಥ ತಗಡಿಗೆ ಸಿಕ್ಕಿಸಿರುತ್ತದೆ. ಆ ತಗಡನ್ನು ಎರಡು ಉದ್ದ ಸ್ಕ್ರೂಗಳು ಮರಕ್ಕೆ ಹಿಡಿದಿವೆ. ಮೊದಲು ಕತ್ತಿನ ತುದಿಯ ಬೀಗಗಳನ್ನು ತೆಗೆದು, ಬ್ರಿಜ್ ಮೇಲಿನ ಸಣ್ಣ ತಿರುಪುಗಳನ್ನು ನಡುಮಧ್ಯಕ್ಕೆ ತನ್ನಿ. ತಂತಿಗಳನ್ನು ತುಸು ಸಡಿಲಿಸಿ, ಆ ಎರಡು ಸ್ಕ್ರೂಗಳನ್ನೂ ಒಂದೆರಡು ಸುತ್ತು ಸಡಿಲಿಸಿ. ಇನ್ನು ಒಂದು ಮರದ ಚಕ್ಕೆ ಬೇಕು. ಐಸ್‌ಕ್ರೀಮ್ ಕಡ್ಡಿಗಳನ್ನು ಒಟ್ಟಿಗೆ ಸೇರಿಸಿದರೂ ನಡೆದೀತು. ಅದನ್ನು ದಿಮ್ಮಿಗೂ ಗೂಡಿನ ಹಿಂಗೋಡೆಗೂ, ಅಂದರೆ ಕತ್ತಿಗೆ ವಿರುದ್ಧದ ಕಡೆಯ ಗೋಡೆಗೂ, ನಡುವೆ ಸಿಕ್ಕಿಸಿ. ಬ್ರಿಜ್ ಗಿಟಾರಿನ ಮೈಗೆ ಸಮಾನಾಂತರವಾಗಿ ನಿಲ್ಲುವಷ್ಟು ದಪ್ಪ ಅದಕ್ಕಿರಬೇಕು. ತಂತಿಗಳ ಎಳೆತಕ್ಕೆ ಚಕ್ಕೆ ಬಿಗಿಯಾಗಿ ಕೂರುತ್ತದೆ, ಕುದುರೆಯನ್ನು ತಾತ್ಕಾಲಿಕವಾಗಿ ಕಟ್ಟಿಹಾಕಿದಂತಾಯಿತು. ಈಗ ಆರೂ ತಂತಿಗಳನ್ನು ಕೂಡಿಸಿ. ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ಮುಂದಿನದು ತಾಳ್ಮೆಯ ಕೆಲಸ. ಆ ಎರಡು ಸ್ಕ್ರೂಗಳನ್ನು ಒಂದೇ ಸಮ, ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಬಿಗಿಯುತ್ತಾ ಬನ್ನಿ. ಸ್ಪ್ರಿಂಗ್‌ಗಳ ಬಲ ತಂತಿಗಳ ಬಲಕ್ಕೆ ಸಮವಾದ ಗಳಿಗೆಯಲ್ಲಿ ಚಕ್ಕೆ ತಾನೇ ಸಡಿಲಾಗಿ ಕಿರುಬೆರಳಿಗೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಶ್ರುತಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಉಳಿದ ಕೊರೆಯನ್ನು ಬಿರಡೆಯಲ್ಲಿ ತೀರಿಸಿ, ಬೀಗ ಹಾಕಿ, ಆಮೇಲೆ ಸಣ್ಣ ತಿರುಪುಗಳಿಂದ ನಯಮಾಡಿ. ಸ್ಕ್ರೂ ಪೂರ್ತಿ ಒಳಗೆ ಹೋದರೂ ಚಕ್ಕೆ ಸಡಿಲಾಗದಿದ್ದರೆ ಇನ್ನೊಂದು ಸ್ಪ್ರಿಂಗ್ ಸೇರಿಸಬೇಕು. ತಂತಿ ಬಿಗಿಯುವಾಗ ಮುಖವನ್ನು ಹತ್ತಿರ ಒಯ್ಯಬೇಡಿ. ತುಂಡಾದ ತಂತಿ ಕಣ್ಣಿಗೆ ಬಡಿಯಬಹುದು.

ಹೊಸ ತಂತಿ ಒಂದೆರಡು ದಿನ ಹಿಗ್ಗುತ್ತದೆ, ಅದಕ್ಕೆ ಗಾಬರಿ ಬೇಡ. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುವಂಥದು. ಬಸ್ಸಿನ ಬಿಸಿಯಲ್ಲಿ ಬಂದ ಗಿಟಾರನ್ನು ನೆರಳಲ್ಲಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಶ್ರುತಿ ಮಾಡುವುದು ಒಳ್ಳೆಯದು. ಮುಂದೆ ತಂತಿ ಬದಲಿಸುವಾಗ ಒಂದನ್ನು ತೆಗೆದು ಒಂದನ್ನು ಹಾಕಿ. ಆರನ್ನೂ ಒಮ್ಮೆಲೇ ಬಿಚ್ಚಿದರೆ ಸ್ಪ್ರಿಂಗ್‌ಗಳು ಬ್ರಿಜ್ ಅನ್ನು ಹಿಂದಕ್ಕೆ ಕೆಡವುತ್ತವೆ. ಈ ಗಿಟಾರಿಗೆ ಇನ್ನೊಂದು ಹಟವಿದೆ: ನುಡಿಸುವಾಗ ಒಂದು ತಂತಿ ಹರಿದರೆ ಉಳಿದ ಐದೂ ಮೇಲೇರುತ್ತವೆ. ಹಾಡು ಅಲ್ಲಿಗೇ ಮುಗಿಯಿತು.

ಅದಕ್ಕೇ, ಮಗ ಅಥವಾ ಮಗಳಿಗೆ ಮೊದಲ ಗಿಟಾರ್ ಕೊಡಿಸುವ ಪಾಲಕರಿಗೆ ನನ್ನ ಸಲಹೆ ಅಲುಗದ ಬ್ರಿಜ್ ಇರುವುದನ್ನೇ ಕೊಡಿಸಿ ಎಂದು. ಕಲಿಯುವವರಿಗೆ ಬೆರಳಿನ ಕಷ್ಟವೇ ಸಾಕಷ್ಟಿರುತ್ತದೆ. ಆದರೆ ಕಮಲಾಪುರದ ಈ ತರುಣನ ಗಿಟಾರ್ ಈಗಾಗಲೇ ಮನೆಯಲ್ಲಿದೆ. ಅದನ್ನು ಮಾರುವ ಮೊದಲು, ಹೈದರಾಬಾದಿಗೋ ಬೆಂಗಳೂರಿಗೋ ರಿಪೇರಿಗೆ ಕಳಿಸುವ ಮೊದಲು, ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಚಕ್ಕೆ, ಭಾನುವಾರದ ಒಂದು ಬೆಳಗು ಆತನಿಗೆ ಸಿಗಲಿ. ಪೊಟ್ಟಣದ ಮೇಲಿನ ಅಂಕಿಯನ್ನು ಮುಚ್ಚಳದ ಒಳಮೈಗೆ ಪೆನ್ಸಿಲಿನಲ್ಲಿ ಬರೆದಿಟ್ಟರೆ ಮುಂದಿನ ಸಲ ಅಂಗಡಿಯಲ್ಲಿ ಕೇಳಲು ಸುಲಭ.