ಆ ಮಗುವಿಗೂ ಒಂದು ತವರು

ಮದುವೆಯಾದ ಹೆಣ್ಣಿಗೆ ಎರಡು ಮನೆ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ವರ್ಷ ಗಂಡನ ಮನೆಯಲ್ಲಿ ಬಾಳಿ, ಅಲ್ಲಿಯ ಕೊಟ್ಟಿಗೆ, ತೋಟ, ಅಡುಗೆಮನೆ ಎಲ್ಲವನ್ನೂ ತನ್ನದೆಂದುಕೊಂಡ ಮೇಲೂ ಗೌರಿ ಹಬ್ಬ ಬಂತೆಂದರೆ ತವರಿನ ಬಾಗಿನಕ್ಕಾಗಿ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಅಣ್ಣ ಬಂದನೆಂದು ಸಂಭ್ರಮಪಟ್ಟರೆ ಗಂಡನ ಮನೆಯ ಮೇಲಿನ ಪ್ರೀತಿ ಕಡಿಮೆಯಾಯಿತು ಎಂದು ಯಾರಾದರೂ ಹೇಳಿದರೆ ನಗುತ್ತೇವೆ. ಇಷ್ಟು ತಿಳಿದ ನಾವೇ, ದತ್ತು ಬಂದ ಮಗು ತಾನು ಹುಟ್ಟಿದ ಮನೆಯ ಮಾತೆತ್ತಿದರೆ ಬೆಚ್ಚಿಬೀಳುತ್ತೇವೆ. ಇದು ಯಾವ ನ್ಯಾಯ?

ನಾನು ಆಗುಂಬೆ ಕಡೆಯವಳು. ನಮ್ಮಲ್ಲಿ ಮನೆಯಿಂದ ಮನೆಗೆ ಒಂದೊಂದು ಗುಡ್ಡ ಅಡ್ಡ. ಮಳೆಗಾಲದಲ್ಲಿ ಆಚೆ ಮನೆಯ ಹೊಗೆಯೂ ಕಾಣದು. ಆದರೂ ಇಂಥವರ ಮನೆಗೆ ದತ್ತು ಮಗು ಬಂತು ಎಂಬ ಸುದ್ದಿ ತೀರ್ಥಹಳ್ಳಿ ದಾಟಿ ಹೊಸನಗರ, ಸಾಗರ ಮುಟ್ಟಲು ಎರಡು ದಿನ ಸಾಕು. ಊರಿಗೆಲ್ಲ ಗೊತ್ತು, ಮಗುವಿಗೊಂದು ಗೊತ್ತಿಲ್ಲ. ‘ಹೇಳಬೇಡಿ, ಪಾಪ, ಮನಸ್ಸಿಗೆ ಹಚ್ಚಿಕೊಂಡೀತು’ ಎನ್ನುತ್ತೇವೆ. ಆಮೇಲೆ ಯಾವುದೋ ಮದುವೆ ಮನೆಯ ಪಂಕ್ತಿಯಲ್ಲಿ, ಪಾಯಸ ಬಡಿಸುವ ಹೊತ್ತಿಗೆ, ಯಾರೋ ಹೇಳಿಯೇ ಬಿಡುತ್ತಾರೆ. ಅಪ್ಪ ಅಮ್ಮನ ಬಾಯಿಂದ ಕೇಳಬೇಕಾದ್ದನ್ನು ಮಗು ಅಪರಿಚಿತರ ಬಾಯಿಂದ ಕೇಳುತ್ತದೆ. ಈ ಮೌನವನ್ನು ಪ್ರೀತಿ ಎಂದು ನಾನು ಒಪ್ಪುವುದಿಲ್ಲ. ಇದು ನಮ್ಮ ಹೆದರಿಕೆ.

ನಮ್ಮ ಕುಟುಂಬಗಳಲ್ಲಿ ದತ್ತು ಹೆಚ್ಚಾಗಿ ಬಂಧುಗಳ ಒಳಗೇ ನಡೆಯುತ್ತಿತ್ತು. ತಂಗಿಯ ಮಗುವನ್ನು ಅಕ್ಕ ತೆಗೆದುಕೊಂಡರೆ ತೊಂದರೆ ಕಡಿಮೆ. ಅಕ್ಕತಂಗಿಯರ ಮಕ್ಕಳು ಹೇಗೂ ಅಣ್ಣತಮ್ಮಂದಿರೇ. ಆದರೆ ಅಣ್ಣನ ಮಗಳನ್ನು ಸೋದರತ್ತೆ ದತ್ತು ತೆಗೆದುಕೊಂಡಳು ಎನ್ನಿ. ನಿನ್ನೆಯವರೆಗೆ ಅಣ್ಣನಾಗಿದ್ದವನು ಇಂದು ಲೆಕ್ಕದಲ್ಲಿ ಭಾವನಾಗುತ್ತಾನೆ. ಹೆತ್ತ ತಾಯಿಯನ್ನು ಅತ್ತೆ ಎನ್ನಬೇಕು. ಹಿರಿಯರು ಹೊಸ ಸಂಬಂಧವನ್ನು ಬಾಯಿಪಾಠ ಮಾಡಿಸುತ್ತಾರೆ. ಅಣ್ಣನಾಗಿದ್ದವನ ನೆನಪನ್ನು ಮಾತ್ರ ಮಗು ಯಾರ ಹತ್ತಿರವೂ ಹೇಳುವಂತಿಲ್ಲ.

ಕಾನೂನಾದರೂ ಮಗುವಿನ ಪರ ನಿಂತಿತೇ? 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂದ ಮೇಲೆ ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದಾಯಿತು, ದತ್ತಹೋಮ ಕಡ್ಡಾಯವಲ್ಲ ಎಂದಾಯಿತು. ಒಳ್ಳೆಯದೇ. ಆದರೆ ಅದೇ ಕಾಯ್ದೆ, ದತ್ತು ಹೋದ ದಿನದಿಂದ ಹುಟ್ಟಿದ ಮನೆಯ ಸಂಬಂಧವೆಲ್ಲ ಕಡಿಯಿತು ಎನ್ನುತ್ತದೆ. ಹುಟ್ಟಿದ ಮನೆಯಲ್ಲೇ ಇದ್ದಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ಈಗಲೂ ಆಗುವಂತಿಲ್ಲ, ಮೊದಲೇ ಕೈಸೇರಿದ ಆಸ್ತಿ ಕೈಬಿಡುವುದಿಲ್ಲ ಎಂದೂ ಹೇಳುತ್ತದೆ. ಅಂದರೆ ಮದುವೆ ಮತ್ತು ಆಸ್ತಿಯ ಮಾತು ಬಂದಾಗ ಅಣ್ಣ ಅಣ್ಣನೇ. ಹಬ್ಬಕ್ಕೆ ಹೋಗಿ ಅವನ ಪಕ್ಕ ಕೂತು ಉಣ್ಣುವ ಮಾತು ಬಂದಾಗ ಅವನು ಯಾರೋ!

ಇನ್ನೊಂದು ವಿಷಯ ಕೇಳಿ. ಮನೆಯಲ್ಲಿ ಮಗಳಿದ್ದರೆ ಈ ಕಾಯ್ದೆಯ ಪ್ರಕಾರ ಇನ್ನೊಬ್ಬ ಮಗಳನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಮಗನ ವಿಷಯವೂ ಹಾಗೆಯೇ. ಹಾಗಾದರೆ ತಬ್ಬಲಿಗಳಾದ ಇಬ್ಬರು ಅಕ್ಕತಂಗಿಯರು ಒಂದೇ ಮನೆ ಸೇರುವುದು ಹೇಗೆ? ತಬ್ಬಲಿ ಮಕ್ಕಳ ಪಾಲಿಗೆ ಆ ಬಾಗಿಲು ತೆರೆದದ್ದು 2000ದ ಬಾಲನ್ಯಾಯ ಕಾಯ್ದೆ. ಈಗ ದತ್ತು ಬೇಕೆನ್ನುವವರು ಅರ್ಜಿ ಹಾಕುವಾಗಲೇ ಒಡಹುಟ್ಟಿದವರನ್ನು ಒಟ್ಟಿಗೆ ಕೇಳಬಹುದು. 2022ರ ದತ್ತು ನಿಯಮಗಳ ಪ್ರಕಾರ ಹದಿನೆಂಟು ತುಂಬಿದವರು ತಮ್ಮ ಹುಟ್ಟಿನ ಮೂಲವನ್ನು ತಾವೇ ಅರ್ಜಿ ಹಾಕಿ ಹುಡುಕಬಹುದು. ಚಿಕ್ಕವರಾದರೆ ಸಾಕಿದವರ ಜೊತೆ ಸೇರಿ ಕೇಳಬಹುದು. ಹೆತ್ತವರ ಗುಟ್ಟಿಗೂ ಅಲ್ಲಿ ರಕ್ಷಣೆ ಇದೆ. ಕಾಗದದ ಮೇಲೆ ಸರ್ಕಾರ ಇಷ್ಟು ದೂರ ಬಂದಿದೆ. ನಮ್ಮ ಜಗಲಿ ಮಾತ್ರ ಇದ್ದಲ್ಲೇ ಇದೆ.

ತೀರ್ಥಹಳ್ಳಿಯಲ್ಲಿ ನನಗೆ ಪರಿಚಯದ ಒಂದು ಮನೆ. ಎಂಟು ವರ್ಷದ ಮಗನಿದ್ದಾಗಲೇ ಬಯಲುಸೀಮೆಯ ಆರು ವರ್ಷದ ಹುಡುಗಿಯನ್ನು ದತ್ತು ತಂದರು. ದೊಡ್ಡ ಮನಸ್ಸೇ ಸರಿ. ಹುಡುಗಿ ಮೊದಲ ವಾರ ಜೋಳದ ರೊಟ್ಟಿ ಕೇಳಿದಳು. ‘ಇದು ಅಕ್ಕಿಯೂಟದ ಮನೆ, ಇಲ್ಲಿಯದನ್ನು ಉಂಡರೆ ಇಲ್ಲಿಯವಳಾಗುತ್ತೀಯ’ ಎಂದರು ಅಜ್ಜಿ. ಅವಳ ಮಾತಿನ ಧಾಟಿಯನ್ನು ಬಂದವರೆಲ್ಲ ಆಡಿಸಿ ನಕ್ಕರು. ಅವಳಿಗೆ ಒಬ್ಬ ತಮ್ಮನಿದ್ದ, ಸೊಂಟದ ಮೇಲೆ ಹೊತ್ತು ಆಡಿಸಿದವನು, ಬೇರೆ ಮನೆ ಸೇರಿದವನು. ಅವನ ಹೆಸರು ಹೇಳಿದಾಗಲೆಲ್ಲ ದೊಡ್ಡವರು ಮಾತು ಮರೆಸಿದರು. ಒಂದು ದಿನ ಮನೆಯ ಹುಡುಗ ಕೇಳಿದನಂತೆ: ‘ಅಮ್ಮಾ, ಇವಳು ನನಗೆ ತಂಗಿ. ಅವನು ಇವಳಿಗೆ ತಮ್ಮ. ಹಾಗಾದರೆ ನನಗೂ ತಮ್ಮನೇ ಅಲ್ಲವಾ?’ ಆಮೇಲೆ ರೊಟ್ಟಿ ಬೇಕೆಂದು ಹಟ ಹಿಡಿದವನೂ ಅವನೇ. ಸಂಬಂಧವನ್ನು ಹೇಗೆ ಕೂಡಬೇಕು ಎಂಬ ಲೆಕ್ಕ ಆ ಹುಡುಗನಿಗೆ ಗೊತ್ತಿತ್ತು. ದೊಡ್ಡವರು ಕಳೆಯುವ ಲೆಕ್ಕವನ್ನೇ ಮಾಡುತ್ತ ಕೂತಿದ್ದರು.

‘ಹೇಳಿದರೆ ಮಗು ನಮ್ಮದಾಗಿ ಉಳಿಯುತ್ತದೆಯೇ’ ಎಂಬುದು ಎಲ್ಲರ ಪ್ರಶ್ನೆ. ನಮ್ಮ ನೆಲದ ಕಥೆಯನ್ನೇ ನೋಡಿ. ಹೊಸನಗರ ತಾಲೂಕಿನ ಇಂದಿನ ನಗರವೇ ಹಿಂದಿನ ಬಿದನೂರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಲ್ಲಿಂದ ರಾಜ್ಯವಾಳಿದ ಕೆಳದಿಯ ಚೆನ್ನಮ್ಮಾಜಿ ದತ್ತು ತೆಗೆದುಕೊಂಡದ್ದು ಊರಿನ ಶೆಟ್ಟರ ಮನೆಯ ಹುಡುಗ ಬಸಪ್ಪನನ್ನು. ಯಾರ ಮಗನೆಂದು ಎಲ್ಲರಿಗೂ ಗೊತ್ತಿತ್ತು. ಅವನು ರಾಜ್ಯವನ್ನೂ ಆಳಿದ, ‘ಶಿವತತ್ತ್ವರತ್ನಾಕರ’ವೆಂಬ ಮಹಾಗ್ರಂಥವನ್ನೂ ಬರೆದ. ಮೈಸೂರಿನಲ್ಲಿ 2015ರಲ್ಲಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರರನ್ನು ದತ್ತು ಪಡೆದಾಗ, ಅವರು ಯಾರ ಮಗ, ಯಾರ ಮೊಮ್ಮಗ ಎಂಬುದೆಲ್ಲ ಪತ್ರಿಕೆಗಳಲ್ಲಿ ಬಂತು. ಸಿಂಹಾಸನಕ್ಕೆ ಕುಂದಾಗದ ಸತ್ಯ ನಮ್ಮ ಹಂಚಿನ ಮನೆಗೆ ಹೇಗೆ ಕುಂದಾಗುತ್ತದೆ?

ಪುರಾಣದಲ್ಲೂ ಇಬ್ಬರಿದ್ದಾರೆ. ಕೃಷ್ಣ ಯಶೋದೆಯ ಮಗನೂ ಹೌದು, ದೇವಕಿಯ ಮಗನೂ ಹೌದು. ಎರಡೂ ಹೆಸರಿನಿಂದ ಕರೆದು ಪೂಜಿಸುತ್ತೇವೆ. ಕರ್ಣನಿಗೆ ಮಾತ್ರ ಹುಟ್ಟನ್ನು ಮುಚ್ಚಿಟ್ಟರು. ತಿಳಿಯುವ ಹೊತ್ತಿಗೆ ಯುದ್ಧ ಬಾಗಿಲಿಗೆ ಬಂದಿತ್ತು. ಆಗಲೂ ಅವನು ಸಾಕಿದ ರಾಧೆಯನ್ನು ಬಿಟ್ಟು ಹೋಗಲಿಲ್ಲ, ಗಮನಿಸಿ. ಸತ್ಯ ತಿಳಿದದ್ದರಿಂದ ರಾಧೆ ಮಗನನ್ನು ಕಳೆದುಕೊಳ್ಳಲಿಲ್ಲ. ಸತ್ಯ ತಡವಾದದ್ದರಿಂದ ತಮ್ಮನ ಬಾಣಕ್ಕೆ ಅಣ್ಣ ಬಿದ್ದ.

ಋಣದ ಮಾತನ್ನೂ ನಿಲ್ಲಿಸೋಣ. ‘ಎಲ್ಲೋ ಇದ್ದವಳನ್ನು ತಂದು ಸಾಕಿದರು, ಪುಣ್ಯವಂತೆ’ ಎಂದು ಆ ಮಗುವಿನ ಎದುರೇ ಹೇಳುವವರು ತಮ್ಮ ಹೆತ್ತ ಮಕ್ಕಳಿಗೆ ಹಾಗೆ ಹೇಳುತ್ತಾರೆಯೇ? ಮಗು ಅನ್ನದ ಲೆಕ್ಕ ಒಪ್ಪಿಸಲು ಬಂದದ್ದಲ್ಲ. ‘ಇವರಿಬ್ಬರಲ್ಲಿ ನಿಮ್ಮ ಸ್ವಂತದ್ದು ಯಾವುದು’ ಎಂದು ಕೇಳುವವರಿಗೆ ‘ಇಬ್ಬರೂ’ ಎಂದು ಹೇಳಿ ಬಾಗಿಲ ತನಕ ಕಳಿಸಿಕೊಡಿ. ಸೌಜನ್ಯ ಅಷ್ಟು ಸಾಕು.

ದತ್ತು ತಂದ ಮನೆಯ ತಾಯಂದಿರಿಗೆ ನನ್ನದೊಂದು ಒತ್ತಾಯ. ಮಗುವಿನ ಜೊತೆ ಬಂದ ಹೆಸರು, ಊರು, ಉಟ್ಟ ಬಟ್ಟೆ, ಹಾಡುವ ಹಾಡು, ಕೇಳುವ ತಿಂಡಿ, ನೆನೆಯುವ ಅಕ್ಕತಮ್ಮಂದಿರ ಹೆಸರು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮಗುವಿನ ನೆನಪು ಮಸುಕಾದೀತು, ಪುಸ್ತಕ ಉಳಿಯುತ್ತದೆ. ಚಿಕ್ಕಂದಿನಿಂದಲೇ ಹೇಳುತ್ತ ಬನ್ನಿ. ಒಡಹುಟ್ಟು ಎಲ್ಲಿದೆಯೆಂದು ಗೊತ್ತಿದ್ದರೆ, ಆ ಮನೆಯವರು ಒಪ್ಪಿದರೆ, ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕೂಡಿಸಿ. ಮನೆಯಲ್ಲಿರುವ ಇತರ ಮಕ್ಕಳಿಗೂ ಎಲ್ಲ ತಿಳಿಸಿ; ಗುಟ್ಟು ಕಾಯುವ ಕೆಲಸವನ್ನು ಅವರ ತಲೆಗೆ ಕಟ್ಟಬೇಡಿ. ಕನ್ನಡದಲ್ಲಿ ಒಡಹುಟ್ಟು ಎಂಬ ಮಾತಿರುವಂತೆ ಒಡನಾಟ ಎಂಬ ಮಾತೂ ಇದೆ. ಒಂದಿದ್ದರೆ ಇನ್ನೊಂದು ಇರಬಾರದೆಂದು ಯಾವ ವ್ಯಾಕರಣವೂ ಹೇಳಿಲ್ಲ.

ತವರಿನ ಆಸೆ ಏನೆಂದು ಗೊತ್ತಿರುವವರು ನಾವು. ಬೇರೆ ಯಾರು ಮರೆತರೂ ನಾವು ಮರೆಯುವಂತಿಲ್ಲ.