ಮಿನುಗುವ ಜಪಾನಿ ಲೋಟ: ಅಪಾಯ ಬಣ್ಣದಲ್ಲಿದೆಯೇ, ಗಾಜಿನಲ್ಲಿದೆಯೇ?

ಕಡುನೀಲಿ ಅಥವಾ ಕೆಂಪು ಲೋಟ, ಮೈತುಂಬ ನಕ್ಷತ್ರದಂತೆ ಕೊರೆದ ಗೆರೆಗಳು. ಜಪಾನಿನ ‘ಎದೊ ಕಿರಿಕೊ’ ಲೋಟಗಳ ಚಿತ್ರ ನೀವೂ ನೋಡಿರಬಹುದು. ನೋಡಿದ ತಕ್ಷಣ ಏಳುವ ಅನುಮಾನ ಒಂದೇ: ಆ ಬಣ್ಣ ಕುಡಿಯುವ ನೀರಿಗೆ ಬಿಡುವುದಿಲ್ಲವೇ?

ಇದು ಮೇಲೆ ಬಳಿದ ಬಣ್ಣವಲ್ಲ. ಕೋಬಾಲ್ಟ್‌ನಂಥ ಲೋಹಗಳನ್ನು ಗಾಜು ಕರಗಿಸುವಾಗಲೇ ಬೆರೆಸುತ್ತಾರೆ. ಬಣ್ಣದ ಗಾಜಿನ ತೆಳು ಪದರ ಹೊರಗೆ, ಬಣ್ಣವಿಲ್ಲದ ಗಾಜು ಒಳಗೆ. ತಿರುಗುವ ಚಕ್ರಕ್ಕೆ ಲೋಟ ಒತ್ತಿ ಹೊರಪದರವನ್ನು ಕೊರೆದಾಗ ಒಳಗಿನ ಬಣ್ಣವಿಲ್ಲದ ಗಾಜು ಗೆರೆಯಾಗಿ ಕಾಣುತ್ತದೆ. ನಮ್ಮಲ್ಲಿ ಕತ್ತಿಗೆ ಸಾಣೆ ಹಿಡಿಯುವಂಥದ್ದೇ ಕೆಲಸ. ಆದರೆ ಕೈ ಒಮ್ಮೆ ಜಾರಿದರೆ ಲೋಟ ಹಾಳು.

1834ರಲ್ಲಿ ಎದೊ ನಗರದ (ಇಂದಿನ ಟೋಕಿಯೊ) ಕಾಗಾಯಾ ಕ್ಯೂಬೆ ಎಂಬ ಗಾಜಿನ ವ್ಯಾಪಾರಿ ಎಮರಿ ಪುಡಿಯಿಂದ ಗಾಜು ಕೊರೆದದ್ದು ಇದರ ಆರಂಭ ಎನ್ನುತ್ತಾರೆ. 1881ರಲ್ಲಿ ಇಂಗ್ಲೆಂಡಿನ ಹಾಪ್ಟ್‌ಮನ್ ಎಂಬ ಕುಶಲಕರ್ಮಿ ಬಂದು ಶಿನಾಗಾವಾ ಕಾರ್ಖಾನೆಯಲ್ಲಿ ಪಾಶ್ಚಾತ್ಯ ವಿಧಾನ ಕಲಿಸಿದರು. ತಮಾಷೆ ನೋಡಿ, ದಕ್ಷಿಣದ ಕಾಗೊಶಿಮಾದಲ್ಲಿದ್ದ ‘ಸತ್ಸುಮ ಕಿರಿಕೊ’ ಕಾರ್ಖಾನೆಯನ್ನು 1863ರಲ್ಲಿ ಸುಟ್ಟದ್ದೂ ಬ್ರಿಟಿಷ್ ಹಡಗುಗಳ ಫಿರಂಗಿಗಳೇ. ಅದು ಮತ್ತೆ ಚಿಗುರಿದ್ದು 1985ರಲ್ಲಿ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಕಿರಿಕೊಗೆ ಸಾಮಾನ್ಯ ಸೋಡಾ ಗಾಜನ್ನೂ ಬಳಸುತ್ತಾರೆ, ‘ಕ್ರಿಸ್ಟಲ್’ ಗಾಜನ್ನೂ ಬಳಸುತ್ತಾರೆ. ನಮ್ಮ ಸೀಸದ ಕಡ್ಡಿಯಲ್ಲಿ ಸೀಸವಿಲ್ಲ. ಕ್ರಿಸ್ಟಲ್ ಎಂದು ಮಾರುವ ಗಾಜಿನಲ್ಲಿ ಸ್ಫಟಿಕವಿಲ್ಲ, ಸೀಸ ಇರಬಹುದು! ಸೀಸ ಬೆರೆತರೆ ಗಾಜು ಹೆಚ್ಚು ಹೊಳೆಯುತ್ತದೆ, ಕೊರೆಯಲು ಸುಲಭವಾಗುತ್ತದೆ. ಯುರೋಪಿನ ನಿಯಮದಂತೆ ‘ಲೆಡ್ ಕ್ರಿಸ್ಟಲ್’ ಎನ್ನಲು ಕನಿಷ್ಠ ಶೇ 24ರಷ್ಟು ಸೀಸದ ಆಕ್ಸೈಡ್ ಇರಬೇಕು.

ಈ ಸೀಸ ಪಾನೀಯಕ್ಕೆ ಬಿಡುತ್ತದೆಯೇ? ಬಿಡುತ್ತದೆ. 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಸೀಸದ ಗಾಜಿನ ಹೂಜಿಗಳಲ್ಲಿ ಪೋರ್ಟ್ ವೈನ್ ತುಂಬಿಟ್ಟಿದ್ದರು. ಲೀಟರಿಗೆ 89 ಮೈಕ್ರೋಗ್ರಾಂ ಇದ್ದ ಸೀಸ ನಾಲ್ಕು ತಿಂಗಳಲ್ಲಿ 2,000 ದಾಟಿತು, ಒಂದು ಹೂಜಿಯಲ್ಲಿ 5,000ವನ್ನೂ ದಾಟಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ 10. ಲೋಟಗಳಲ್ಲಿ ಕೆಲವೇ ನಿಮಿಷಗಳಲ್ಲಿ ಬಿಟ್ಟ ಪ್ರಮಾಣ ಮಾತ್ರ ಅಲ್ಪ. ಅಂದರೆ ಎಷ್ಟು ಹೊತ್ತು ತುಂಬಿಟ್ಟಿದ್ದೀರಿ ಎಂಬುದೇ ಮುಖ್ಯ. ಹುಳಿ ಇದ್ದರೆ ಸೀಸ ಇನ್ನೂ ಬೇಗ ಬಿಡುತ್ತದೆ.

ಹಾಗೆಂದು ಉಡುಗೊರೆ ಬಂದ ಲೋಟವನ್ನು ಎಸೆಯಬೇಕಿಲ್ಲ. ಅಪರೂಪಕ್ಕೆ ನೀರು ಹಾಕಿ ಆಗಲೇ ಕುಡಿದು ತೊಳೆದಿಡುವುದಕ್ಕೂ ನಿಂಬೆ ಶರಬತ್ತನ್ನು ರಾತ್ರಿಯಿಡೀ ಅದರಲ್ಲೇ ಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಮಾತ್ರ ಸೀಸದ ಗಾಜು ಬೇಡವೇ ಬೇಡ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಸುರಕ್ಷಿತ ಎಂಬ ಮಿತಿಯೇ ಇಲ್ಲ.

ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಸೀಸ ಇದೆ ಎನ್ನುವ ಪರೀಕ್ಷೆಯನ್ನು ನಂಬಬೇಡಿ, ಸೀಸವಿಲ್ಲದ ಕ್ರಿಸ್ಟಲ್ ಕೂಡ ಹಾಗೆಯೇ ನುಡಿಯುತ್ತದೆ. ಕೊಳ್ಳುವಾಗ ‘ಸೀಸರಹಿತ’ ಎಂದು ಬರೆದಿದೆಯೇ ನೋಡಿ, ಇಲ್ಲದಿದ್ದರೆ ಮಾರುವವರನ್ನೇ ಕೇಳಿ. ಇನ್ನೊಂದು ಮಾತು: ಕೊರೆದ ಗಾಜಿನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಕುದಿಯುವ ಕಾಫಿ ಸುರಿದರೆ ಬಿರುಕು ಬಿಡಬಹುದು.