ಹೊಸ ಗಣಕಯಂತ್ರದ ಕತ್ತಲೆಯ ಪರದೆ

ಮನೆಯ ಮಗನೋ ಮಗಳೋ ವಿದ್ಯಾಭ್ಯಾಸಕ್ಕೆಂದು ಬಿಡಿಭಾಗಗಳನ್ನು ತರಿಸಿ, ತಾವೇ ಜೋಡಿಸಿ ಗಣಕಯಂತ್ರವೊಂದನ್ನು ಸಿದ್ಧಪಡಿಸುವುದು ಇಂದು ಅಪರೂಪವೇನಲ್ಲ. ಗುಂಡಿ ಒತ್ತಿದೊಡನೆ ಒಳಗಿನ ಫ್ಯಾನುಗಳು ತಿರುಗುತ್ತವೆ, ದೀಪಗಳು ಬೆಳಗುತ್ತವೆ. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಆಗ ಮನೆಯಲ್ಲಿ ಏಳುವ ಮಾತುಗಳು ಎರಡೇ: “ಅಂಗಡಿಯವನು ಮೋಸ ಮಾಡಿದ” ಎಂಬುದೊಂದು, “ಬಾರದ ಕೆಲಸಕ್ಕೆ ಕೈಹಾಕಿ ಹಣ ಹಾಳುಮಾಡಿದೆ” ಎಂಬುದಿನ್ನೊಂದು. ವಿಚಾರಣೆಗೆ ಮೊದಲೇ ತೀರ್ಪು ಕೊಡುವುದು ವಿವೇಕಿಗಳ ಲಕ್ಷಣವಲ್ಲ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಬಹು ಬೆಲೆಯ ವಸ್ತು. ಅದು ನಿಜವಾಗಿ ಕೆಟ್ಟಿದೆಯೇ ಎಂಬುದನ್ನು ಕ್ರಮವಾಗಿ ಪರೀಕ್ಷಿಸೋಣ.

ಮೊದಲು ಕೇಬಲ್ ನೋಡಬೇಕು. ಮಾನಿಟರಿನ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸುವುದು ಅತ್ಯಂತ ಸಾಮಾನ್ಯವಾದ ತಪ್ಪು. ಇಂಟೆಲ್ ಕೋರ್ ಐ5-12400ಎಫ್‌ನಂತೆ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವುಳ್ಳ ಪ್ರೊಸೆಸರುಗಳಲ್ಲಿ ಬಳಕೆಗೆ ಬರುವ ಗ್ರಾಫಿಕ್ಸ್ ಭಾಗವಿಲ್ಲ. ಎಎಂಡಿಯ ರೈಜೆನ್ 5 5600ರಲ್ಲಿಯೂ ಇಲ್ಲ. ಇಂಥವುಗಳಲ್ಲಿ ಮದರ್‌ಬೋರ್ಡಿನ ಕಿಂಡಿಯಿಂದ ಚಿತ್ರ ಬರುವುದು ಅಸಾಧ್ಯ. ಮಾನಿಟರಿನ ಗುಂಡಿಯಿಂದ ಸರಿಯಾದ ಇನ್‌ಪುಟ್ ಆರಿಸಲಾಗಿದೆಯೇ ಎಂಬುದನ್ನೂ ನೋಡಬೇಕು.

ಎರಡನೆಯದು ವಿದ್ಯುತ್ತು. ಕಾರ್ಡು ಕುಳಿತಿರುವ ಸ್ಲಾಟಿನಿಂದ ದೊರೆಯುವುದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡುಗಳಿಗೆ ಪವರ್ ಸಪ್ಲೈಯಿಂದ ಬೇರೆ ಕೇಬಲ್ ಕೊಡಬೇಕು. 6 ಪಿನ್ನಿನದು 75 ವಾಟ್, 8 ಪಿನ್ನಿನದು 150 ವಾಟ್ ಒದಗಿಸುವಂತೆ ನಿಗದಿಯಾಗಿದೆ. ಪ್ರೊಸೆಸರಿನ ಕೇಬಲಿಗೂ 8 ಪಿನ್ ಇರುವುದುಂಟು. ಆದರೆ ಅದರ ತಂತಿಗಳ ಕ್ರಮ ಬೇರೆ, ಬಲವಂತದಿಂದ ತುರುಕಬಾರದು. ಒಂದು ಪವರ್ ಸಪ್ಲೈಯ ಕೇಬಲನ್ನು ಬೇರೊಂದಕ್ಕೆ ಬಳಸುವುದೂ ಅಪಾಯ: ಅದು ಸರಿಯಾಗಿ ಕೂತಂತೆ ಕಂಡರೂ ಕಾರ್ಡು ಸುಟ್ಟುಹೋಗಬಹುದು.

ಮೂರನೆಯದು ಕಾರ್ಡು ಕುಳಿತಿರುವ ಬಗೆ. ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಕೈಯಲ್ಲಿನ ಸ್ಥಿರವಿದ್ಯುತ್ತು ಇಳಿಯುವಂತೆ ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು. ಬಳಿಕ ಕೊಂಡಿಯನ್ನು ಸಡಿಲಿಸಿ ಕಾರ್ಡನ್ನು ಹೊರತೆಗೆದು, ಪ್ರೊಸೆಸರಿಗೆ ಸಮೀಪದ ಉದ್ದನೆಯ ಸ್ಲಾಟಿನಲ್ಲಿ ‘ಟಕ್’ ಎನ್ನುವಂತೆ ಸಮವಾಗಿ ಒತ್ತಿ ಕೂರಿಸಬೇಕು.

ನಾಲ್ಕನೆಯದು ಯಂತ್ರವೇ ಹೇಳುವ ಮಾತು. ಹಲವು ಮದರ್‌ಬೋರ್ಡುಗಳಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂಬ ಹೆಸರಿನ ನಾಲ್ಕು ಪುಟ್ಟ ದೀಪಗಳಿರುತ್ತವೆ. 1987ರಲ್ಲಿ ಐಬಿಎಂ ಸಂಸ್ಥೆ ತನ್ನ ಪಿಎಸ್/2 ಯಂತ್ರಗಳೊಡನೆ ತಂದ ‘ವಿಜಿಎ’ ಎಂಬ ಹೆಸರು ಇಲ್ಲಿ ಇನ್ನೂ ಉಳಿದುಬಂದಿದೆ. ಆ ದೀಪ ಉರಿಯುತ್ತಲೇ ಇದ್ದರೆ ಕಾರ್ಡಿನತ್ತ ಗಮನ ಹರಿಸಬೇಕು. ಡಿರ್‍ಯಾಮ್ ದೀಪ ನಿಂತರೆ ಕಾರ್ಡು ನಿರಪರಾಧಿಯಾಗಿರಬಹುದು. ರ್‍ಯಾಮನ್ನು ತೆಗೆದು ಮತ್ತೆ ಕೂರಿಸಿ ನೋಡಬೇಕು. ಆದರೆ ಡಿಡಿಆರ್5 ರ್‍ಯಾಮ್ ಉಳ್ಳ ಯಂತ್ರ ಮೊದಲ ಬಾರಿ ಅದನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಆಗ ಪರದೆ ಕಪ್ಪಾಗಿರುವುದು ಸಹಜ. ಗಾಬರಿಯಿಂದ ಮತ್ತೆ ಮತ್ತೆ ಆರಿಸದೆ ಹತ್ತು ಹದಿನೈದು ನಿಮಿಷ ಕಾಯುವುದು ಲೇಸು. ಸಿಪಿಯು ದೀಪ ನಿಂತರೆ, ಮದರ್‌ಬೋರ್ಡಿಗಿಂತ ಪ್ರೊಸೆಸರ್ ಹೊಸದಾಗಿದ್ದು ಬಯೋಸ್ ನವೀಕರಣ ಬೇಕಾಗಿರಬಹುದು.

ಇಷ್ಟಕ್ಕೂ ಫಲ ಕಾಣದಿದ್ದರೆ ಕೊನೆಯ ಪರೀಕ್ಷೆ ಮಾಡಬೇಕು. ಪ್ರೊಸೆಸರಿನಲ್ಲಿಯೇ ಗ್ರಾಫಿಕ್ಸ್ ಇದ್ದರೆ ಕಾರ್ಡನ್ನು ತೆಗೆದು ಮದರ್‌ಬೋರ್ಡಿನಿಂದ ಚಿತ್ರ ಬರುವುದೇ ನೋಡಬೇಕು. ಇಲ್ಲದಿದ್ದರೆ ಸಾಕಷ್ಟು ವಿದ್ಯುತ್ ಒದಗಿಸಬಲ್ಲ, ಸುಸ್ಥಿತಿಯಲ್ಲಿರುವ ಮತ್ತೊಂದು ಯಂತ್ರದಲ್ಲಿ ಕಾರ್ಡನ್ನು ಹಾಕಬೇಕು. ಅಲ್ಲಿಯೂ ಕತ್ತಲೆಯಾದರೆ ದೋಷ ಕಾರ್ಡಿನದೇ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಆಗ ರಸೀದಿ, ಪೆಟ್ಟಿಗೆ, ಕ್ರಮಸಂಖ್ಯೆಯ ಛಾಯಾಚಿತ್ರ ಇವುಗಳೊಡನೆ ಅಂಗಡಿಗೆ ಹೋದರೆ ಮಾತಿಗೆ ತೂಕವಿರುತ್ತದೆ. ಹಿಂದಿರುಗಿಸುವ ಅವಧಿ ಅಲ್ಪವಾಗಿರುವುದುಂಟು. ಆದ್ದರಿಂದ ಪರೀಕ್ಷೆಯನ್ನು ಮುಂದೂಡಬಾರದು.

ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳ ಕೈಯಿಂದ ಕೆಲಸವನ್ನು ಕಸಿದುಕೊಳ್ಳದಿರಿ. ಟಾರ್ಚು ಹಿಡಿದು ಪಕ್ಕದಲ್ಲಿ ನಿಲ್ಲಿ. ಮಾಡಿದ ಪ್ರತಿ ಪರೀಕ್ಷೆಯನ್ನೂ ಕಾಗದದಲ್ಲಿ ಗುರುತುಮಾಡಿಕೊಳ್ಳಿ. ಕೆಟ್ಟ ಕಾರ್ಡಿಗೆ ಬದಲಿ ದೊರೆತೀತು. ನಿಂದೆಯಿಂದ ಕುಗ್ಗಿದ ಮಗುವಿನ ಆತ್ಮವಿಶ್ವಾಸಕ್ಕೆ ಯಾವ ಅಂಗಡಿಯಲ್ಲಿಯೂ ಬದಲಿ ಇಲ್ಲ.